ಬಂದೂಕಿಗಿಂತ ಸಲಿಕೆ ಹಿಡಿದದ್ದೇ ಜಾಸ್ತಿ

ಪ್ರಶ್ನೆ: ಅಮೆರಿಕದ ಅಂತರ್ಯುದ್ಧದ ಬಗ್ಗೆ ಓದುವಾಗ ಚಾರ್ಲ್‌ಸ್ಟನ್ ಬಂದರಿನ ಮುತ್ತಿಗೆ ಅಂತ ಬರುತ್ತದೆ. ತಿಂಗಳುಗಟ್ಟಲೆ ಮುತ್ತಿಗೆ ಅಂದರೆ ಸಿಪಾಯಿಗಳು ದಿನಾ ಏನು ಮಾಡುತ್ತಿದ್ದರು? ದಿನಾ ಕಾದಾಟ ಇರುತ್ತಿತ್ತೋ, ಅಥವಾ ಸುಮ್ನೆ ಕಾಯುತ್ತಾ ಕೂತಿರುತ್ತಿದ್ದರೋ? ಆ ಜಾಗ ಈಗಲೂ ಇದೆಯಾ? (ಕುಮಟಾದಿಂದ ನಿವೃತ್ತ ಶಿಕ್ಷಕರೊಬ್ಬರು)

ಉತ್ತರ: ಮೇಷ್ಟ್ರೇ, ಎರಡೂ ಅಲ್ಲ. ಅವರು ಮರಳು ತೋಡುತ್ತಿದ್ದರು. ನಿಮ್ಮ ಕಡೆ ಹೊಯ್ಗೆ ಅಂತೀರಲ್ಲ, ಅದನ್ನೇ. ರಾತ್ರಿಯಿಡೀ ತೋಡೋದು, ಬುಟ್ಟಿಗೆ ತುಂಬೋದು, ಚೀಲಕ್ಕೆ ಕಟ್ಟೋದು, ಹೊರೋದು. ಬೆಳಗಾದರೆ ಅದೇ ಮರಳಿನ ಗುಂಡಿಯಲ್ಲಿ ಮೈ ಕುಗ್ಗಿಸಿಕೊಂಡು ಮಲಗೋದು. ಬಂದೂಕು ಜೊತೆಗಿರುತ್ತಿತ್ತು, ನಿಜ. ಆದರೆ ಕೈಯಲ್ಲಿ ಬೊಕ್ಕೆ ಎದ್ದದ್ದು ಸಲಿಕೆಯಿಂದ.

ಚಾರ್ಲ್‌ಸ್ಟನ್ ಮುತ್ತಿಗೆ 1863ರ ಜುಲೈನಿಂದ 1865ರ ಫೆಬ್ರವರಿವರೆಗೆ ಎಳೆಯಿತು. ಅಷ್ಟೂ ಹೇಳಲು ಹೋದರೆ ಪುಸ್ತಕವೇ ಆದೀತು. ಮಾರಿಸ್ ದ್ವೀಪದಲ್ಲಿ ನಡೆದ ಸುಮಾರು 50 ದಿನಗಳ ಬಗ್ಗೆ ಹೆಚ್ಚು ಹೇಳುತ್ತೇನೆ. ಸಿಪಾಯಿಯ ಬದುಕು ಕಣ್ಣಿಗೆ ಕಟ್ಟೋದು ಅಲ್ಲೇ.

ಮೊದಲು ಜಾಗದ ಪರಿಚಯ. ದಕ್ಷಿಣ ಕೆರೊಲಿನಾದ ಚಾರ್ಲ್‌ಸ್ಟನ್ ಬಂದರಿನ ಬಾಯಲ್ಲಿ, ನೀರಿನ ಮಧ್ಯೆ, ಸಮ್ಟರ್ ಅನ್ನೋ ಇಟ್ಟಿಗೆ ಕೋಟೆ. ಈ ಯುದ್ಧ ಶುರುವಾದದ್ದೇ ಅದರ ಮೇಲೆ. 1861ರ ಏಪ್ರಿಲ್ 12ರ ಬೆಳಗಿನ ಜಾವ ನಾಲ್ಕೂವರೆಗೆ ದಕ್ಷಿಣದವರು, ಅಂದರೆ ಗುಲಾಮಗಿರಿ ಉಳಿಸಿಕೊಳ್ಳಲು ದೇಶದಿಂದ ಬೇರೆಯಾದ ರಾಜ್ಯಗಳವರು, ಅದರ ಕಡೆ ಮೊದಲ ಗುಂಡು ಹಾರಿಸಿದರು. ಮಾರನೇ ದಿನ ಕೋಟೆ ಅವರ ಕೈಸೇರಿತು. ಉತ್ತರದವರಿಗೆ, ಅಂದರೆ ಅಮೆರಿಕದ ಸರ್ಕಾರದ ಕಡೆಯವರಿಗೆ, ಅದು ಮಾನದ ಪ್ರಶ್ನೆ. 1863ರ ಏಪ್ರಿಲ್ 7ರಂದು ಒಂಬತ್ತು ಕಬ್ಬಿಣದ ಕವಚದ ಹಡಗುಗಳನ್ನು ಕಳಿಸಿ ನೋಡಿದರು. ಪೆಟ್ಟು ತಿಂದು ವಾಪಸ್ ಬಂದರು. ಕಿಯೋಕಕ್ ಅನ್ನೋ ಹಡಗು ಮಾರನೇ ದಿನ ಮುಳುಗಿಯೇ ಹೋಯಿತು.

ಆಗ ಬಂದವನು ಕ್ವಿನ್ಸಿ ಗಿಲ್ಮೋರ್. ಜನರಲ್, ಆದರೆ ಮೂಲತಃ ಎಂಜಿನಿಯರ್. ಹಿಂದಿನ ವರ್ಷ ಜಾರ್ಜಿಯಾದ ಪುಲಾಸ್ಕಿ ಕೋಟೆಯ ಇಟ್ಟಿಗೆ ಗೋಡೆಯನ್ನು ಹೊಸ ಬಗೆಯ ಫಿರಂಗಿಗಳಿಂದ ಎರಡೇ ದಿನದಲ್ಲಿ ಒಡೆದಿದ್ದ. ಇಲ್ಲಿಯೂ ಅದೇ ಲೆಕ್ಕ. ಬಂದರಿನ ದಕ್ಷಿಣಕ್ಕೆ ಮಾರಿಸ್ ದ್ವೀಪ. ಸುಮಾರು ನಾಲ್ಕು ಮೈಲಿ ಉದ್ದದ ಮರಳ ಪಟ್ಟಿ. ಅದರ ಉತ್ತರದ ತುದಿಯಿಂದ ಸಮ್ಟರ್ ಒಂದು ಮೈಲಿಯೂ ಇಲ್ಲ. ಆ ದ್ವೀಪ ಹಿಡಿದು ಫಿರಂಗಿ ಇಟ್ಟರೆ ಸಮ್ಟರ್ ಪುಡಿಪುಡಿ ಅಂತ. ಆದರೆ ನಡುವೆ ಇನ್ನೊಂದು ಅಡ್ಡಗಟ್ಟಿತ್ತು: ಬ್ಯಾಟರಿ ವ್ಯಾಗ್ನರ್. ಬ್ಯಾಟರಿ ಅಂದರೆ ಟಾರ್ಚಿನದ್ದಲ್ಲ, ಮಂಗಳೂರಿನ ಸುಲ್ತಾನ್ ಬತ್ತೇರಿಯ ಬತ್ತೇರಿ, ಫಿರಂಗಿ ಇಟ್ಟ ಕಾವಲು ಕೋಟೆ.

ವ್ಯಾಗ್ನರ್ ನೋಡಲು ಏನೂ ಅಲ್ಲ. ಮರಳ ದಿಬ್ಬ, ಒಳಗೆ ಪಾಮೆಟೊ ಅನ್ನೋ ತಾಳೆ ಜಾತಿಯ ಮರದ ದಿಮ್ಮಿ, ಮುಂದೆ ಒಂದು ಕಂದಕ. ಆದರೆ ಮರಳಿನ ಗುಣ ವಿಚಿತ್ರ. ಇಟ್ಟಿಗೆ ಗೋಡೆಗೆ ಗುಂಡು ಬಡಿದರೆ ಬಿರುಕು ಬಿಡುತ್ತದೆ, ಇಟ್ಟಿಗೆ ಚೂರು ಹಾರಿ ಒಳಗಿದ್ದವರನ್ನು ಕೊಲ್ಲುತ್ತದೆ. ಮರಳಿಗೆ ಬಡಿದರೆ ಗುಂಡು ಒಳಗೆ ಹೂತು ಹೋಗುತ್ತದೆ, ಒಂದಿಷ್ಟು ಮರಳು ಮೇಲೆ ಚಿಮ್ಮಿ ಅಲ್ಲೇ ಬೀಳುತ್ತದೆ. ರಾತ್ರಿ ನಾಲ್ಕು ಜನ ಸಲಿಕೆ ಹಿಡಿದರೆ ದಿಬ್ಬ ಮತ್ತೆ ಹಾಗೇ. ಜುಲೈ 18ರಂದು ಹಗಲಿಡೀ ನೆಲದಿಂದಲೂ ಹಡಗಿನಿಂದಲೂ ಸಾವಿರಾರು ಗುಂಡು ಸುರಿದರು. ಇಷ್ಟಾದ ಮೇಲೆ ಒಳಗೆ ಯಾರು ಉಳಿದಿರುತ್ತಾರೆ ಅಂತ ಗಿಲ್ಮೋರ್ ಅಂದುಕೊಂಡ. ಬಹುತೇಕ ಎಲ್ಲರೂ ಉಳಿದಿದ್ದರು. ಮರಳು ಹೊದಿಸಿದ ನೆಲಮಾಳಿಗೆಯಲ್ಲಿ ಕೂತಿದ್ದರು.

ಅವತ್ತು ಸಂಜೆ ನಡೆದ ದಾಳಿಯೇ ಈ ಮುತ್ತಿಗೆಯಲ್ಲಿ ಎಲ್ಲರಿಗೂ ಗೊತ್ತಿರುವ ಭಾಗ. ಎಲ್ಲರಿಗಿಂತ ಮುಂದೆ ನಡೆದದ್ದು ಉತ್ತರದವರ 54ನೇ ಮ್ಯಾಸಚೂಸೆಟ್ಸ್, ಕಪ್ಪು ಸಿಪಾಯಿಗಳ ರೆಜಿಮೆಂಟ್. ಅವರ ಕರ್ನಲ್ ರಾಬರ್ಟ್ ಗೂಲ್ಡ್ ಶಾ ದಿಬ್ಬದ ಮೇಲೇ ಸತ್ತ. ಸಾರ್ಜೆಂಟ್ ವಿಲಿಯಂ ಕಾರ್ನಿ ಮೈತುಂಬ ಗಾಯ ಮಾಡಿಕೊಂಡು ಬಾವುಟ ವಾಪಸ್ ತಂದ. ಅದಕ್ಕೆ ಪದಕ ಕೊಟ್ಟದ್ದು 1900ರಲ್ಲಿ! ಒಂದೇ ಸಂಜೆಯಲ್ಲಿ ಉತ್ತರದವರ ಕಡೆ ಸುಮಾರು 1,500 ಜನ ಸತ್ತರು, ಗಾಯಗೊಂಡರು ಅಥವಾ ಸೆರೆ ಸಿಕ್ಕರು. ಕೋಟೆಯವರ ಕಡೆ 200 ಕೂಡ ಇಲ್ಲ. ಶಾನನ್ನು ಅವನ ಸಿಪಾಯಿಗಳ ಜೊತೆ ಒಂದೇ ಗುಂಡಿಯಲ್ಲಿ ಹೂತರು. ಅವಮಾನ ಮಾಡಲು ಹಾಗೆ ಮಾಡಿದ್ದು ಅಂತಾರೆ. ಅವನ ಅಪ್ಪ ಮಾತ್ರ ಮಗನ ಹೆಣ ಅಲ್ಲಿಂದ ತೆಗೆಯಬೇಡಿ ಅಂತ ಗಿಲ್ಮೋರ್‌ಗೆ ಪತ್ರ ಬರೆದರು.

ಆ ಸಂಜೆಯ ಧೈರ್ಯದ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ವ್ಯಾಗ್ನರ್ ಬಿದ್ದದ್ದು ಆ ಸಂಜೆಯಿಂದ ಅಲ್ಲ, ಆಮೇಲಿನ ಸಲಿಕೆ ಕೆಲಸದಿಂದ. ಅದನ್ನು ಯಾರೂ ಹೆಚ್ಚು ಹೇಳೋದಿಲ್ಲ. ನಿಮ್ಮ ಪ್ರಶ್ನೆ ಇಷ್ಟವಾಗಲು ಅದೇ ಕಾರಣ.

ಸರಿ, ತೋಡೋದು ಅಂದರೆ ಹೇಗೆ? ಕೋಟೆಯಿಂದ ಸಾವಿರ ಗಜಕ್ಕೂ ದೂರದಲ್ಲಿ, ಕೋಟೆಗೆ ಎದುರಾಗಿ ಅಡ್ಡಕ್ಕೆ ಒಂದು ಉದ್ದ ಕಂದಕ. ಅಲ್ಲಿಂದ ಹಾವು ಹರಿದ ಹಾಗೆ ಅಂಕುಡೊಂಕಾಗಿ ಮುಂದಕ್ಕೆ ಒಂದು ಕಿರಿದಾದ ಕಾಲುವೆ. ನೇರ ತೋಡಿದರೆ ಕೋಟೆಯಿಂದ ಹೊಡೆದ ಗುಂಡು ಉದ್ದಕ್ಕೂ ಉರುಳಿ ಬರುತ್ತದೆ, ಅದಕ್ಕೇ ಡೊಂಕು. ಸ್ವಲ್ಪ ಮುಂದೆ ಹೋದ ಮೇಲೆ ಮತ್ತೊಂದು ಅಡ್ಡ ಕಂದಕ. ಹೀಗೆ ಐದು ಅಡ್ಡ ಕಂದಕ ಆದವು. ಕೊನೆಯದು ಕೋಟೆಯಿಂದ ಸುಮಾರು 240 ಗಜದಲ್ಲಿತ್ತು. ಅಲ್ಲಿ ದ್ವೀಪ ತೀರಾ ಸಣಕಲು. 25 ಗಜದಷ್ಟು ಅಗಲ, ಅಷ್ಟೇ. ಒಂದು ಕಡೆ ಕಡಲು, ಇನ್ನೊಂದು ಕಡೆ ಕೆಸರು ಜವುಗು. ಕಡಲು ಉಕ್ಕಿದರೆ ತೆರೆ ಆ ಕಡೆಯಿಂದ ಈ ಕಡೆಗೆ ದಾಟಿ ಹೋಗುತ್ತಿತ್ತು.

ಕಾಲುವೆಯ ತುದಿಯಲ್ಲಿ ಒಂದು ರಾತ್ರಿ ಹೇಗಿರುತ್ತಿತ್ತು ಅಂತ ಊಹಿಸಿಕೊಳ್ಳಿ. ಆಗಸ್ಟ್ ತಿಂಗಳು, ಸೆಕೆ. ಎಲ್ಲರಿಗಿಂತ ಮುಂದೆ ನಾಲ್ಕೇ ಜನ, ಎಂಜಿನಿಯರ್ ದಳದವರು. ಅವರ ಮುಂದೆ ಬೆತ್ತ ಹೆಣೆದು ಒಳಗೆ ಕಡ್ಡಿಕಂತೆ ಗಿಡಿದ ದೊಡ್ಡ ಉರುಳೆ. ಅದೇ ಅವರ ಗುರಾಣಿ. ಮೊದಲನೆಯವನು ಅದರ ಹಿಂದೆ ಮಂಡಿಯೂರಿ ಕೂತು ಸ್ವಲ್ಪ ತೋಡುತ್ತಾನೆ. ಪಕ್ಕದಲ್ಲಿ ತಳವಿಲ್ಲದ ಒಂದು ಎತ್ತರದ ಬುಟ್ಟಿ ನಿಲ್ಲಿಸಿ ತೋಡಿದ ಮರಳನ್ನು ಅದರೊಳಗೆ ಸುರಿಯುತ್ತಾನೆ. ಬುಟ್ಟಿ ತುಂಬಿದರೆ ಅಷ್ಟು ಗೋಡೆ ಆಯಿತು. ಉರುಳೆಯನ್ನು ಎರಡಡಿ ಮುಂದೆ ತಳ್ಳು. ಇನ್ನೊಂದು ಬುಟ್ಟಿ ಇಡು. ಹಿಂದಿನವರು ಕಾಲುವೆಯನ್ನು ಅಗಲ ಮಾಡುತ್ತಾ, ಆಳ ಮಾಡುತ್ತಾ ಬರುತ್ತಾರೆ. ಅವರ ಹಿಂದೆ ಕಾಲಾಳುಗಳ ಸಾಲು, ಮರಳ ಚೀಲ ಹೊತ್ತು.

ಈ ಕಡೆ ಕೋಟೆಯಿಂದ ಗುರಿಕಾರರು ತಲೆ ಕಂಡರೆ ಹೊಡೆಯಲು ಕಾಯುತ್ತಿದ್ದಾರೆ. ಆ ಕಡೆ ಪಕ್ಕದ ಜೇಮ್ಸ್ ದ್ವೀಪದಿಂದ ಫಿರಂಗಿ. ಅದಕ್ಕೆ ಒಬ್ಬ ಕಾವಲಿನವನನ್ನು ನಿಲ್ಲಿಸುತ್ತಿದ್ದರು. ಅವನಿಗೆ ಒಂದೇ ಕೆಲಸ. ದೂರದಲ್ಲಿ ಬೆಂಕಿ ಮಿಂಚಿದ ತಕ್ಷಣ ‘ಕವರ್!’ ಅಂತ ಕೂಗೋದು. ಗುಂಡು ಬಂದು ತಲುಪಲು ಕೆಲವು ಸೆಕೆಂಡು ಬೇಕು. ಅಷ್ಟರಲ್ಲಿ ಎಲ್ಲರೂ ಸಲಿಕೆ ಬಿಟ್ಟು ಗೋಡೆಗೆ ಒರಗಬೇಕು. ಗುಂಡು ಸಿಡಿಯುತ್ತದೆ. ಮತ್ತೆ ಸಲಿಕೆ. ಒಂದು ರಾತ್ರಿಯಲ್ಲಿ ಇದು ಎಷ್ಟು ಸಲವೋ. ಇಷ್ಟು ಸಾಲದು ಅಂತ, ಹಿಂದಿನಿಂದ ತಮ್ಮವರೇ ಹಾರಿಸಿದ ಗುಂಡು ಹೊತ್ತಿಗೆ ಮುಂಚೆ ಸಿಡಿದು ತಲೆ ಮೇಲೆ ಬೀಳೋದೂ ಇತ್ತು.

ಹಾಗೆ ತೋಡಿಕೊಂಡು ಹೋಗುವಾಗ ಸಲಿಕೆಗೆ ಮರಳು ಮಾತ್ರ ಸಿಗುತ್ತಿರಲಿಲ್ಲ. ಜುಲೈ ದಾಳಿಗಳಲ್ಲಿ ಸತ್ತವರನ್ನು ಅಲ್ಲೇ ಮೇಲೆ ಮೇಲೆ ಹೂತಿದ್ದರಲ್ಲ. ತಮ್ಮ ಜೊತೆಯವರ ಹೆಣವನ್ನೇ ಸಿಪಾಯಿಗಳು ಮತ್ತೆ ತೋಡಬೇಕಾಯಿತು. ಮೊದಮೊದಲು ಬೇರೆ ಕಡೆ ಒಯ್ದು ಹೂತರು. ಮುಂದೆ ಅದಕ್ಕೆಲ್ಲ ಹೊತ್ತಿರಲಿಲ್ಲ.

ಇನ್ನೊಂದು ಅಪಾಯ ನೆಲದಲ್ಲೇ ಇತ್ತು. ಕೋಟೆಯವರು ಮರಳಲ್ಲಿ ನೆಲಬಾಂಬು ಹೂತಿದ್ದರು, ಕಾಲಿಟ್ಟರೆ ಸಿಡಿಯುವಂಥವು. ಆಗ ಅದಕ್ಕೆ ಟಾರ್ಪಿಡೊ ಅಂತಲೇ ಹೆಸರು. ಎಂಜಿನಿಯರ್ ಮೇಜರ್ ಥಾಮಸ್ ಬ್ರೂಕ್ಸ್ ಈ ಮುತ್ತಿಗೆಯ ದಿನಚರಿ ಬರೆದಿಟ್ಟಿದ್ದಾನೆ. ಅದರಲ್ಲಿ ಒಂದು ಪ್ರಸಂಗ ಇದೆ. ಒಬ್ಬ ಕಪ್ಪು ಸಿಪಾಯಿ ಒಂದು ಟಾರ್ಪಿಡೊ ಮೇಲೆ ಕಾಲಿಟ್ಟು ಸತ್ತ. ಹೆಣ ಎಗರಿ ದೂರ ಬಿತ್ತು, ಬಿದ್ದದ್ದು ಸರಿಯಾಗಿ ಇನ್ನೊಂದು ಟಾರ್ಪಿಡೊ ಮೇಲೆ. ಬೆಳಗ್ಗೆ ನೋಡಿದವರು, ಶತ್ರುಗಳೇ ಹೆಣವನ್ನು ಬಾಂಬಿಗೆ ಕಟ್ಟಿ ಬಲೆ ಒಡ್ಡಿದ್ದಾರೆ ಅಂತ ಸುದ್ದಿ ಹಬ್ಬಿಸಿದರು. ಬ್ರೂಕ್ಸ್ ಅದನ್ನು ಶುದ್ಧ ಗಾಳಿಮಾತು ಅಂತ ತಳ್ಳಿಹಾಕುತ್ತಾನೆ. ಮುತ್ತಿಗೆಯಲ್ಲಿ ಗಾಳಿಮಾತಿಗೆ ಬರ ಎಲ್ಲಿ?

ಇನ್ನು ನೀರು. ಕಡಲ ತೀರದಲ್ಲಿ ಬೆಳೆದ ನಿಮಗೆ ನಾನು ಹೇಳಬೇಕಾಗಿಲ್ಲ. ತೀರದ ಮರಳಲ್ಲಿ ಮಂಡಿಯಷ್ಟು ತೋಡಿದರೆ ನೀರು ಒಸರುತ್ತದೆ. ಮೇಲ್ಮೇಲೆ ಇರೋದು ಮಳೆಯ ಸಿಹಿನೀರು, ಸ್ವಲ್ಪ ಆಳಕ್ಕೆ ಹೋದರೆ ಉಪ್ಪು. ಸಿಪಾಯಿಗಳು ಪೀಪಾಯಿಯ ತಳ ಒಡೆದು ಮರಳಲ್ಲಿ ಇಳಿಸಿ ಬಾವಿ ಮಾಡಿಕೊಂಡಿದ್ದರು. ಹತ್ತಿರದಲ್ಲೇ ಹೆಣ ಹೂತ ಜಾಗ, ಹತ್ತಿರದಲ್ಲೇ ಪಾಯಿಖಾನೆ. ನೀರು ಹೇಗಿದ್ದೀತು ಹೇಳಿ. ಬೇಧಿ, ಆಮಶಂಕೆ, ಜ್ವರ. ಬರೀ ಮಾರಿಸ್ ದ್ವೀಪದ ಮಾತಲ್ಲ. ಇಡೀ ಯುದ್ಧದಲ್ಲಿ ಸತ್ತ ಸಿಪಾಯಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರನ್ನು ಕೊಂದದ್ದು ಕಾಯಿಲೆ, ಗುಂಡಲ್ಲ. ಊಟ ಅಂದರೆ ಕಲ್ಲಿನಂಥ ಬಿಸ್ಕತ್ತು, ಉಪ್ಪು ಹಾಕಿದ ಹಂದಿಮಾಂಸ, ಕಾಫಿ. ಬಿಸ್ಕತ್ತನ್ನು ಕಾಫಿಯಲ್ಲಿ ನೆನೆಸದೆ ಕಚ್ಚಿದರೆ ಹಲ್ಲಿಗೇ ಸಂಚಕಾರ. ಎಲ್ಲದರಲ್ಲೂ ಮರಳು. ಮೇಲೆ ಚಿಗಟ, ಸೊಳ್ಳೆ. ನರ್ಸ್ ಅಂತ ಹೆಸರಾದ ಕ್ಲಾರಾ ಬಾರ್ಟನ್ ಆ ಬೇಸಿಗೆಯಲ್ಲಿ ಇದೇ ದ್ವೀಪದಲ್ಲಿ ಗಾಯಾಳುಗಳನ್ನು ನೋಡಿಕೊಳ್ಳುತ್ತಿದ್ದಳು. ಅವಳೂ ಕಾಯಿಲೆ ಬಿದ್ದಳು.

ತೋಡಿದವರು ಯಾರು ಅನ್ನೋದನ್ನೂ ಹೇಳಬೇಕು. ಕಾಲಾಳುಗಳು ಮಾಡಿದ ಸಲಿಕೆ ಕೆಲಸದಲ್ಲಿ ಹತ್ತಿರ ಹತ್ತಿರ ಅರ್ಧ ಕಪ್ಪು ರೆಜಿಮೆಂಟುಗಳದ್ದು. ಸೈನ್ಯದಲ್ಲಿ ಅವರ ಸಂಖ್ಯೆ ಅರ್ಧಕ್ಕಿಂತ ಎಷ್ಟೋ ಕಡಿಮೆ. ಕಂದಕದ ಕೆಲಸ ಮುಗಿಸಿ ಬಂದ ಮೇಲೆ ಬಿಳಿಯರ ಡೇರೆ ಹಾಕುವ, ಅವರ ಬಿಡಾರ ಗುಡಿಸುವ ಕೆಲಸಕ್ಕೂ ಇವರನ್ನೇ ಕಳಿಸುತ್ತಿದ್ದರು. ದೂರು ಜಾಸ್ತಿಯಾಗಿ ಸೆಪ್ಟೆಂಬರ್‌ನಲ್ಲಿ ಗಿಲ್ಮೋರ್ ಅದನ್ನು ನಿಲ್ಲಿಸುವ ಆದೇಶ ಹೊರಡಿಸಬೇಕಾಯಿತು. ಸಂಬಳದ ಕಥೆ ಇನ್ನೂ ಕೆಟ್ಟದು. ಬಿಳಿ ಸಿಪಾಯಿಗೆ ತಿಂಗಳಿಗೆ 13 ಡಾಲರ್, ಬಟ್ಟೆ ಬೇರೆ. ಕಪ್ಪು ಸಿಪಾಯಿಗೆ 10 ಡಾಲರ್, ಅದರಲ್ಲಿ ಬಟ್ಟೆಗೆ 3 ಮುರಿದು ಕೈಗೆ 7. 54ನೆಯವರು ಏನು ಮಾಡಿದರು ಗೊತ್ತಾ? ಸಂಬಳವನ್ನೇ ಮುಟ್ಟಲಿಲ್ಲ. ವ್ಯತ್ಯಾಸವನ್ನು ನಾವು ತುಂಬಿಕೊಡುತ್ತೇವೆ ಅಂತ ಮ್ಯಾಸಚೂಸೆಟ್ಸ್ ಸರ್ಕಾರ ಮುಂದೆ ಬಂತು. ಅದೂ ಬೇಡ ಅಂದರು. ಅವರಿಗೆ ಬೇಕಿದ್ದದ್ದು ದುಡ್ಡಲ್ಲ, ಸಮ ಅನ್ನೋ ಮಾತು. ಮನೆಯಲ್ಲಿ ಹೆಂಡತಿ ಮಕ್ಕಳಿಗೆ ಹೊಟ್ಟೆಗಿಲ್ಲ, ಆದರೂ ಒಂದು ವರ್ಷದ ಮೇಲೆ ಹೀಗೇ ದುಡಿದರು. ಅಮೆರಿಕದ ಸಂಸತ್ತು, ಅಂದರೆ ಕಾಂಗ್ರೆಸ್, ಕಾನೂನು ಬದಲಿಸಿದ್ದು 1864ರ ಜೂನ್‌ನಲ್ಲಿ. ಅಷ್ಟರೊಳಗೆ ಇದೇ ವಿಷಯಕ್ಕೆ ಬಂದೂಕು ಕೆಳಗಿಟ್ಟು ಮುಷ್ಕರ ಹೂಡಿದ, ಉತ್ತರದವರದ್ದೇ ಇನ್ನೊಂದು ಕಪ್ಪು ಪಡೆಯಾದ 3ನೇ ಸೌತ್ ಕೆರೊಲಿನಾ ರೆಜಿಮೆಂಟಿನ ಸಾರ್ಜೆಂಟ್ ವಿಲಿಯಂ ವಾಕರ್‌ನನ್ನು ದಂಗೆಯ ಆರೋಪ ಹೊರಿಸಿ ಗುಂಡಿಟ್ಟು ಕೊಂದಿದ್ದರು. ಕೊಂದದ್ದು ಶತ್ರುಗಳಲ್ಲ, ತಮ್ಮದೇ ಸೈನ್ಯ.

ಇದು ಹೊರಗಿನವರ ಪಾಡು. ಕೋಟೆಯೊಳಗಿನವರದ್ದು? ಹೊರಗಿನವರೇ ವಾಸಿ ಅನ್ನಬೇಕು. ವ್ಯಾಗ್ನರ್‌ನ ನೆಲಮಾಳಿಗೆ ಅಂದರೆ ಗಾಳಿಯಾಡದ ಮರಳ ಗುಹೆ. ನೂರಾರು ಜನ ಬೆವರಿ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತಿದ್ದಾರೆ. ಗಾಯಾಳುಗಳೂ ಅಲ್ಲೇ, ಡಾಕ್ಟರು ಕೈಕಾಲು ಕತ್ತರಿಸೋದೂ ಅಲ್ಲೇ. ಹೊರಗೆ ಬಂದರೆ ಗುಂಡು, ಒಳಗೇ ಇದ್ದರೆ ಉಸಿರುಕಟ್ಟು. ಕೋಟೆಯ ಬಾವಿ ನೀರು ಸುತ್ತಲಿನ ಹೆಣಗಳಿಂದ ಕೆಟ್ಟು ಹೋಯಿತು. ಕುಡಿಯುವ ನೀರನ್ನು ಪೀಪಾಯಿಯಲ್ಲಿ ಚಾರ್ಲ್‌ಸ್ಟನ್ ಊರಿಂದ ದೋಣಿಯಲ್ಲಿ, ಅದೂ ರಾತ್ರಿ ಹೊತ್ತು ತರಬೇಕಾಯಿತು. ಇದನ್ನು ಯಾರೂ ವಾರಗಟ್ಟಲೆ ತಡೆಯಲಾರರು ಅಂತ ದಕ್ಷಿಣದವರ ಜನರಲ್ ಬೋರಿಗಾರ್ಡ್‌ಗೂ ಗೊತ್ತಿತ್ತು. ಅದಕ್ಕೆ ಕೆಲವೇ ದಿನಕ್ಕೊಮ್ಮೆ ಪಡೆ ಬದಲಿಸುತ್ತಿದ್ದ. ಸುತ್ತಲಿನ ತೋಟಗಳಿಂದ ತಂದ ಗುಲಾಮರು ರಾತ್ರಿ ರಾತ್ರಿ ಈ ದಿಬ್ಬಗಳನ್ನು ಮತ್ತೆ ಕಟ್ಟುತ್ತಿದ್ದರು. ಅಂದರೆ ಒಂದೇ ಮರಳನ್ನು ಈ ಕಡೆಯಿಂದ ಸ್ವತಂತ್ರ ಕಪ್ಪು ಜನ ತೋಡುತ್ತಿದ್ದರು, ಆ ಕಡೆಯಿಂದ ಬಿಡುಗಡೆಯಾಗದ ಕಪ್ಪು ಜನ ತುಂಬುತ್ತಿದ್ದರು. ಈ ಯುದ್ಧ ಯಾವುದರ ಬಗ್ಗೆ ಅಂತ ಯಾರಾದರೂ ಕೇಳಿದರೆ ನಾನು ಈ ದಿಬ್ಬವನ್ನೇ ತೋರಿಸುತ್ತೇನೆ.

ನಡುವೆ ಒಂದು ತಮಾಷೆಯನ್ನೂ ಹೇಳಿಬಿಡುತ್ತೇನೆ. ಊರಿಗೇ ಗುಂಡು ಹೊಡೆಯಬೇಕು ಅಂತ ಗಿಲ್ಮೋರ್ ಜವುಗಿನ ಮಧ್ಯೆ ಒಂದು ದೊಡ್ಡ ಫಿರಂಗಿ ನಿಲ್ಲಿಸಲು ಹೇಳಿದ. ಫಿರಂಗಿಯ ತೂಕ ಏಳು ಟನ್ನಿಗೂ ಮೇಲೆ. ಕೆಸರಿನ ಆಳ 16 ಅಡಿಗೂ ಹೆಚ್ಚು. ಕೆಲಸ ವಹಿಸಿಕೊಂಡ ಅಧಿಕಾರಿಯೊಬ್ಬ ‘16 ಅಡಿ ಕೆಸರಲ್ಲಿ ನಡೆಯಲು 18 ಅಡಿ ಎತ್ತರದ 100 ಜನ ಬೇಕು’ ಅಂತ ಬೇಡಿಕೆ ಪತ್ರ ಬರೆದನಂತೆ. ಕೊನೆಗೆ ದಿಮ್ಮಿಗಳ ತೆಪ್ಪದಂಥ ಅಡಿಪಾಯ ಹಾಕಿ, ಸುಮಾರು 13,000 ಮರಳ ಚೀಲ ಹೊತ್ತು ಫಿರಂಗಿ ನಿಲ್ಲಿಸಿದರು. ಸಿಪಾಯಿಗಳು ಅದಕ್ಕೆ ‘ಜವುಗಿನ ದೇವದೂತ’ ಅಂತ ಹೆಸರಿಟ್ಟರು. ಆಗಸ್ಟ್ 22ರ ನಡುರಾತ್ರಿ ಕಳೆದ ಮೇಲೆ ನಾಲ್ಕು ಮೈಲಿಗೂ ದೂರದ ಊರಿನ ಮೇಲೆ ಹೊಡೆಯಲು ಶುರು. 36ನೇ ಗುಂಡಿಗೆ ಫಿರಂಗಿಯೇ ಒಡೆದು ಹೋಯಿತು. ಅಷ್ಟೂ ಚೀಲ ಹೊತ್ತವನ ಮುಖ ಅವತ್ತು ಹೇಗಿತ್ತೋ!

ಕೊನೆ ಬಂದದ್ದು ಸೆಪ್ಟೆಂಬರ್ ಮೊದಲ ವಾರ. 5ನೇ ತಾರೀಖಿನಿಂದ 42 ಗಂಟೆ ಬಿಡದೆ ಗುಂಡಿನ ಸುರಿಮಳೆ. ರಾತ್ರಿಯೂ ನಿಲ್ಲದಿರಲಿ ಅಂತ ಸುಣ್ಣದ ದೀಪ ತಂದರು. ಸುಣ್ಣದ ಉಂಡೆಯನ್ನು ಅನಿಲದ ಉರಿಯಲ್ಲಿ ಕಾಯಿಸಿದರೆ ಕಣ್ಣು ಕುಕ್ಕುವ ಬೆಳ್ಳನೆಯ ಬೆಳಕು ಬರುತ್ತದೆ. ಆ ಕಾಲದ ನಾಟಕದ ರಂಗಕ್ಕೆ ಬಳಸುತ್ತಿದ್ದದ್ದು ಅದೇ. ಅದನ್ನು ಕೋಟೆಯ ಮೇಲೆ ಬಿಟ್ಟರು. ಕೋಟೆಯವರ ಕಣ್ಣು ಕತ್ತಲಾಯಿತು, ತೋಡುವವರು ಕತ್ತಲಲ್ಲೇ ಉಳಿದರು. ಕಾಲುವೆ ಕೋಟೆಯ ಕಂದಕದ ಅಂಚಿಗೇ ಮುಟ್ಟಿತು. ಕೋಟೆಯ ಕಡೆಯಿಂದ ಸದ್ದೇ ಇಲ್ಲ. ಕೆಲಸದ ಸರದಿ ಮುಗಿದ ಸಿಪಾಯಿಗಳು ಕಂದಕದ ಮೇಲೆ ಹತ್ತಿ, ಇಷ್ಟು ದಿನ ನಮ್ಮನ್ನು ಕಾಡಿದ್ದು ಇದೇನಾ ಅಂತ ನೋಡತೊಡಗಿದರು. 7ರ ಬೆಳಗ್ಗೆ ದಾಳಿ ಅಂತ ನಿಗದಿಯಾಗಿತ್ತು. ಹಿಂದಿನ ರಾತ್ರಿಯೇ ಕೋಟೆಯವರು ದೋಣಿ ಹತ್ತಿ ಜಾಗ ಖಾಲಿ ಮಾಡಿದ್ದರು. ಹೋಗುವಾಗ ಮದ್ದಿನ ಮನೆಗೆ ಇಟ್ಟ ಬತ್ತಿಯೂ ಹೊತ್ತಲಿಲ್ಲ. ಜುಲೈನಲ್ಲಿ 1,500 ಜನರನ್ನು ಕೆಡವಿದ ಅಥವಾ ಸೆರೆಹಿಡಿದ ಕೋಟೆ, ಸೆಪ್ಟೆಂಬರ್‌ನಲ್ಲಿ ದಾಳಿಯೇ ಇಲ್ಲದೆ ಸಿಕ್ಕಿತು.

ಮುತ್ತಿಗೆ ಅಲ್ಲಿಗೆ ಮುಗಿಯಿತಾ ಅಂದರೆ, ಇಲ್ಲ. ಸಮ್ಟರ್‌ನ ಗೋಡೆಗಳು ಆಗಸ್ಟ್‌ನಲ್ಲೇ ಕುಸಿದಿದ್ದವು. ಆದರೆ ಕುಸಿದ ಇಟ್ಟಿಗೆ ರಾಶಿಯೇ ದಿಬ್ಬವಾಯಿತು, ಅದರ ಮೇಲೆ ಮರಳ ಚೀಲ ಪೇರಿಸಿದರು. ಹೊಡೆದಷ್ಟೂ ಗಟ್ಟಿಯಾಗುತ್ತಾ ಹೋಯಿತು! ಒಳಗಿನವರು ಹೆಗ್ಗಣದ ಹಾಗೆ ಬಿಲ ಕೊರೆದುಕೊಂಡು ಇನ್ನೂ ಒಂದೂವರೆ ವರ್ಷ ಬದುಕಿದರು. ಆ ಕಾಲದ ಅತಿ ಹೊಲಸು ಕೆಲಸ ನಡೆದದ್ದು 1864ರಲ್ಲಿ. ದಕ್ಷಿಣದವರು ಸೆರೆಸಿಕ್ಕ ಉತ್ತರದ ಅಧಿಕಾರಿಗಳನ್ನು ಗುಂಡು ಬೀಳುತ್ತಿದ್ದ ಊರಿನೊಳಗೇ ಇಟ್ಟರು. ಸೇಡಿಗೆ ಉತ್ತರದವರು 600 ಮಂದಿ ದಕ್ಷಿಣದ ಅಧಿಕಾರಿಗಳನ್ನು ತಂದು ಮಾರಿಸ್ ದ್ವೀಪದಲ್ಲಿ, ತಮ್ಮ ಫಿರಂಗಿಗಳ ಮುಂದೆ ಬೇಲಿ ಕಟ್ಟಿ ಕೂಡಿಹಾಕಿದರು. ದಕ್ಷಿಣದವರೇ ಹಾರಿಸಿದ ಗುಂಡು ಅವರ ತಲೆ ಮೇಲೆ. ಕಾವಲಿಗೆ ಯಾರನ್ನು ಹಾಕಿದರು ಅಂದರೆ, 54ನೇ ಮ್ಯಾಸಚೂಸೆಟ್ಸ್‌ನವರನ್ನು.

1865ರ ಫೆಬ್ರವರಿ 17ರ ರಾತ್ರಿ ದಕ್ಷಿಣದವರು ಊರನ್ನೂ ಕೋಟೆಯನ್ನೂ ಬಿಟ್ಟು ಹೋದರು. ಅದೂ ಈ ಮುತ್ತಿಗೆಗೆ ಸೋತು ಅಲ್ಲ. ಉತ್ತರದವರ ಜನರಲ್ ಶರ್ಮನ್‌ನ ಸೈನ್ಯ ಒಳನಾಡಿನಿಂದ ಬಂದು ಹಿಂದಿನ ದಾರಿ ಕಡಿದಿತ್ತು.

ನೀವು ಕುಮಟಾದವರು ಅಂತ ಒಂದು ಮಾತು. ಈ ಯುದ್ಧಕ್ಕೂ ನಿಮ್ಮೂರಿಗೂ ನಂಟಿದೆ. ದಕ್ಷಿಣದ ಬಂದರುಗಳನ್ನು ಉತ್ತರದ ನೌಕಾಪಡೆ ಮುಚ್ಚಿದ್ದರಿಂದ ಇಂಗ್ಲೆಂಡಿನ ಮಿಲ್ಲುಗಳಿಗೆ ಹತ್ತಿ ಸಿಗದೆ ಹೋಯಿತು. ಆಗ ಅವರ ಕಣ್ಣು ಬಿದ್ದದ್ದು ಧಾರವಾಡ, ಹುಬ್ಬಳ್ಳಿ, ಗದಗ ಕಡೆಯ ಹತ್ತಿಯ ಮೇಲೆ. ಅಲ್ಲಿ 1840ರ ದಶಕದಿಂದಲೇ ಅಮೆರಿಕದ ಬೀಜ ಬಿತ್ತುತ್ತಿದ್ದರು. ಹತ್ತಿ ಘಟ್ಟ ಇಳಿದು ಹಡಗು ಹತ್ತುತ್ತಿದ್ದದ್ದು ಕುಮಟಾದಲ್ಲಿ. ಆ ಕಡೆಯ ಹತ್ತಿಗೆ ಪೇಟೆಯಲ್ಲಿ ‘ಕುಮಟಾ’ ಅಂತಲೇ ಹೆಸರು ಬಿತ್ತು. ಬೆಲೆ ಆಕಾಶಕ್ಕೆ ಹೋಯಿತು. 1865ರಲ್ಲಿ ಯುದ್ಧ ನಿಂತಿತು, ಬೆಲೆಯೂ ಧೊಪ್ಪನೆ ಬಿತ್ತು. ಬೊಂಬಾಯಿಯ ಎಷ್ಟೋ ಸಾಹುಕಾರರು ದಿವಾಳಿ ಎದ್ದರು.

ಜಾಗ ಈಗಲೂ ಇದೆಯಾ ಅಂತ ಕೇಳಿದ್ದೀರಿ. ಸಮ್ಟರ್ ಇದೆ. ಚಾರ್ಲ್‌ಸ್ಟನ್‌ನಿಂದ ದೋಣಿಯಲ್ಲಿ ಹೋಗಿ ನೋಡಿ ಬರಬಹುದು. ವ್ಯಾಗ್ನರ್ ಇಲ್ಲ. ಆ ದಿಬ್ಬ, ಕಂದಕಗಳು, ಹೆಣ ಹೂತ ಗುಂಡಿಗಳು ಎಲ್ಲವನ್ನೂ ಕಡಲು ಕೊರೆದು ಒಯ್ದಿದೆ. ಯುದ್ಧದ ನಂತರ, 1876ರಲ್ಲಿ, ಆ ದ್ವೀಪದ ನೆಲದ ಮೇಲೆ ಕಟ್ಟಿದ ದೀಪಸ್ತಂಭ ಈಗ ನೀರಿನ ಮಧ್ಯೆ ಒಂಟಿಯಾಗಿ ನಿಂತಿದೆ.